ಬ್ಲಾಗ್ ಬರಹ ತಾನಾಗಿಯೇ ಫೇಸ್‌ಬುಕ್ಕಿಗೆ: ಪಬ್ಲಿಷ್ ಒತ್ತುವ ಮುಂಚೆ ಇಷ್ಟು ಮಾಡಿ

ದಾವಣಗೆರೆಯ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಜಿಲ್ಲೆಯ ಕೆರೆ, ಗುಡಿ ಸುತ್ತಿ ಬ್ಲಾಗ್ ಬರೆಯುತ್ತಾರೆ. ಹೋದ ತಿಂಗಳು ಸಂತೇಬೆನ್ನೂರಿನ ಪುಷ್ಕರಣಿ ಬಗ್ಗೆ ಬರೆದು ಪಬ್ಲಿಷ್ ಒತ್ತಿದರು. ಬರಹ ತಾನಾಗಿಯೇ ಅವರ ಫೇಸ್‌ಬುಕ್ ಪೇಜಿಗೆ ಹೋಯಿತು. ಜೊತೆಗೆ ಹೋದ ಚಿತ್ರ ಮಾತ್ರ ಬೆಣ್ಣೆದೋಸೆಯದು! ಕಾಮೆಂಟಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಯಾವ ಹೋಟ್ಲು ಸಾರ್?’

ತಾನಾಗಿ ಹಂಚುವ ವ್ಯವಸ್ಥೆ ಮಾಡಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಎಡವಟ್ಟಾಗುವುದು ಬೇರೆ ಕಡೆ.

ಮೊದಲು ಒಂದು ಫೇಸ್‌ಬುಕ್ ಪೇಜ್ ಮಾಡಿಕೊಳ್ಳಿ. ನಿಮ್ಮ ಸ್ವಂತ ಖಾತೆ ಇದಕ್ಕೆ ಬರುವುದಿಲ್ಲ. ಹೊರಗಿನ ಆಪ್‌ಗಳು ಸ್ವಂತ ಖಾತೆಗೆ ಪೋಸ್ಟ್ ಹಾಕುವುದನ್ನು ಫೇಸ್‌ಬುಕ್ 2018ರ ಆಗಸ್ಟ್‌ನಲ್ಲೇ ನಿಲ್ಲಿಸಿದೆ. 2024ರಲ್ಲಿ ಗ್ರೂಪ್‌ಗಳ ಬಾಗಿಲನ್ನೂ ಮುಚ್ಚಿತು. ‘ಯಾವ ಗ್ರೂಪಿಗಾದರೂ ಹಾಕಿಕೊಡ್ತೀವಿ’ ಅನ್ನುವ ಆಪ್ ಕಂಡರೆ ದುಡ್ಡು ಕಟ್ಟಬೇಡಿ.

ನಿಮ್ಮ ಬ್ಲಾಗ್ ವರ್ಡ್‌ಪ್ರೆಸ್‌ನಲ್ಲಿ ಇದ್ದರೆ ಜೆಟ್‌ಪ್ಯಾಕ್ ಎಂಬ ಪ್ಲಗಿನ್ ಹಾಕಿ, ಅದರ ಸೋಷಿಯಲ್ ವಿಭಾಗದಲ್ಲಿ ಪೇಜನ್ನು ಜೋಡಿಸಿ. ಆಗ ಫೇಸ್‌ಬುಕ್ ಅನುಮತಿ ಕೇಳುತ್ತದೆ. ಹೆದರಿಕೊಂಡು ಅರ್ಧ ಟಿಕ್ ತೆಗೆಯುವವರೇ ಜಾಸ್ತಿ. ಪೇಜಿನ ಹೆಸರಿನ ಮುಂದೆ ಟಿಕ್ ಇಲ್ಲದಿದ್ದರೆ ಏನೂ ಹೋಗುವುದಿಲ್ಲ.

ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯುವವರಿಗೆ ಐಎಫ್‌ಟಿಟಿಟಿ (IFTTT) ಸಾಕು, ಒಂದು ಕಡೆ ಆದದ್ದನ್ನು ಇನ್ನೊಂದು ಕಡೆಗೆ ತಾನಾಗಿ ಮುಟ್ಟಿಸುವ ಸೇವೆ ಅದು. ಆದರೆ ಉಚಿತ ಖಾತೆಯಲ್ಲಿ ಎರಡೇ ಆಪ್ಲೆಟ್, ಅಂದರೆ ಅಂಥ ಎರಡೇ ಜೋಡಣೆ. ಹಾಗಾಗಿ ನಾನು ಟೆಲಿಗ್ರಾಮ್ ಚಾನೆಲ್‌ಗೇ ಮೊದಲ ಮಣೆ ಹಾಕುತ್ತೇನೆ. ಐಎಫ್‌ಟಿಟಿಟಿಯ ಬಾಟನ್ನು (ತಾನಾಗಿ ಕೆಲಸ ಮಾಡುವ ಖಾತೆ) ಚಾನೆಲ್‌ಗೆ ಅಡ್ಮಿನ್ ಮಾಡಿ, ಬ್ಲಾಗಿನ ಫೀಡ್ ವಿಳಾಸ (ಹೊಸ ಬರಹಗಳ ಪಟ್ಟಿ ಸಿಗುವ ಲಿಂಕ್) ಕೊಟ್ಟರೆ ಮುಗಿಯಿತು. ಎಕ್ಸ್ (ಹಳೇ ಟ್ವಿಟರ್) ಬೇಕೇ ಬೇಕಾ? 2023ರಲ್ಲಿ ಅವರು ಹೊರಗಿನ ಸೇವೆಗಳಿಗೆ ದುಬಾರಿ ಶುಲ್ಕ ಹಾಕಿದ ಮೇಲೆ ಜೆಟ್‌ಪ್ಯಾಕ್ ಅದನ್ನು ಕೈಬಿಟ್ಟಿತು. ಅಲ್ಲಿಗೆ ಲಿಂಕನ್ನು ಕೈಯಾರೆ ಅಂಟಿಸಿ.

ಈಗ ಅಸಲಿ ಕಷ್ಟಕ್ಕೆ ಬರೋಣ. ಯಂತ್ರ ನಿಮ್ಮನ್ನು ಕೇಳುವುದಿಲ್ಲ, ಪಬ್ಲಿಷ್ ಒತ್ತಿದ ಕ್ಷಣ ಏನಿತ್ತೋ ಅದನ್ನೇ ಎತ್ತಿಕೊಂಡು ಹೋಗುತ್ತದೆ.

ಒಂದು, ವಿಳಾಸ. ಕನ್ನಡದಲ್ಲಿ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಲಿಂಕ್ ಮಾಡುತ್ತದೆ. ಕಂಪ್ಯೂಟರಿಗೆ ‘ಸಂ’ ಅಂದರೆ ಎರಡು ಅಕ್ಷರ, ‘ಸ’ ಒಂದು, ಅದರ ಸೊನ್ನೆ ಇನ್ನೊಂದು. ಲಿಂಕಿನಲ್ಲಿ ಒಂದೊಂದಕ್ಕೂ ಪರ್ಸೆಂಟ್ ಗುರುತು ಸೇರಿ 9 ಚಿಹ್ನೆ. ‘ಸಂ’ ಅನ್ನುವಷ್ಟರಲ್ಲೇ 18 ಆಯಿತು! ವರ್ಡ್‌ಪ್ರೆಸ್ ಇಟ್ಟುಕೊಳ್ಳುವುದು 200 ಮಾತ್ರ, ಉದ್ದದ ತಲೆಬರಹ ನಡುವೆಯೇ ತುಂಡಾಗುತ್ತದೆ. ವಾಟ್ಸಾಪಿನಲ್ಲಿ ಅಂಟಿಸಿದರೆ ಯಾವುದೋ ವೈರಸ್ ಲಿಂಕಿನ ಹಾಗೆ ಕಾಣುತ್ತದೆ, ಯಾರೂ ಮುಟ್ಟುವುದಿಲ್ಲ. ಬ್ಲಾಗರ್‌ನದ್ದು ಇನ್ನೊಂದು ಚಾಳಿ. ಅದು ಕನ್ನಡವನ್ನು ಪೂರ್ತಿ ಉದುರಿಸಿ, ಸುಮ್ನೆ ‘ಬ್ಲಾಗ್ ಪೋಸ್ಟ್’ ಅಂತ ಹೆಸರಿಟ್ಟು ಪಕ್ಕಕ್ಕೊಂದು ಸಂಖ್ಯೆ ಅಂಟಿಸುತ್ತದೆ. ಎರಡಕ್ಕೂ ಮದ್ದು ಒಂದೇ. ಬರಹದ ವಿಳಾಸ ತಿದ್ದುವ ಪರ್ಮಾಲಿಂಕ್ ಜಾಗಕ್ಕೆ ಹೋಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದ ಬರೆಯಿರಿ, ನಡುವೆ ಅಡ್ಡಗೆರೆ (-) ಹಾಕಿ. ಇದನ್ನು ಪಬ್ಲಿಷ್‌ಗೆ ಮುಂಚೆಯೇ ಮಾಡಬೇಕು. ಆಮೇಲೆ ತಿದ್ದಿದರೆ ಬ್ಲಾಗರ್‌ನಲ್ಲಿ ಆಗಲೇ ಹಂಚಿಹೋದ ಲಿಂಕ್ ಸತ್ತೇ ಹೋಗುತ್ತದೆ.

ಎರಡು, ಚಿತ್ರ. ವರ್ಡ್‌ಪ್ರೆಸ್‌ನಲ್ಲಿ ಫೀಚರ್ಡ್ ಇಮೇಜ್ (ಬರಹದ ಮುಖ್ಯ ಚಿತ್ರ) ಹಾಕಿ, ಬ್ಲಾಗರ್‌ನಲ್ಲಿ ಬರಹದ ಮೊದಲ ಚಿತ್ರ ಸರಿಯಾಗಿರಲಿ. ಅಳತೆ 1200 ಅಡ್ಡ, 630 ಉದ್ದ ಪಿಕ್ಸೆಲ್ ಇದ್ದರೆ ತಲೆ ಕತ್ತರಿಸಿಹೋಗುವುದಿಲ್ಲ. ಹಾಕದಿದ್ದರೆ ಫೇಸ್‌ಬುಕ್ ಪುಟದಲ್ಲಿ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತದೆ. ಮೇಷ್ಟ್ರ ಪುಟದ ಪಕ್ಕದ ಪಟ್ಟಿಯಲ್ಲಿ ಹಳೇ ದೋಸೆ ಲೇಖನದ ಫೋಟೊ ಇತ್ತು, ಅದೇ ಹೋಯಿತು.

ತಪ್ಪಾಗಿ ಹೋದ ಮೇಲೆ ಬ್ಲಾಗಿನಲ್ಲಿ ಚಿತ್ರ ಬದಲಿಸಿದರೆ ಸಾಲದು. ಫೇಸ್‌ಬುಕ್ ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತದೆ. ‘ಶೇರಿಂಗ್ ಡಿಬಗ್ಗರ್’ ಎಂಬ ಅವರದ್ದೇ ಪುಟ ತೆರೆದು, ಲಿಂಕ್ ಹಾಕಿ, ‘ಸ್ಕ್ರೇಪ್ ಅಗೇನ್’ ಒತ್ತಿ. ಹೊಸ ಚಿತ್ರ ಕಂಡ ಮೇಲೆ ಹಳೇ ಪೋಸ್ಟ್ ಅಳಿಸಿ, ಮತ್ತೆ ಹಂಚಿ. ಟೆಲಿಗ್ರಾಮಿಗೆ ‘ವೆಬ್‌ಪೇಜ್ ಬಾಟ್’ ಇದೆ, ಅದಕ್ಕೆ ಲಿಂಕ್ ಕಳಿಸಿದರೆ ಸಾಕು.

ಕೊನೆಗೆ ಎಲ್ಲರೂ ಕೇಳುವುದು ವಾಟ್ಸಾಪ್. ಮನೆಮಂದಿಯ ಗ್ರೂಪಿಗೆ ತಾನಾಗಿ ಕಳಿಸುತ್ತೇವೆ ಎಂದು ಕ್ಯೂಆರ್ ಸ್ಕ್ಯಾನ್ ಮಾಡಿಸುವ ಆಪ್‌ಗಳಿವೆ. ಅದರಿಂದ ನಂಬರೇ ಬ್ಲಾಕ್ ಆಗಬಹುದು. ನಮ್ಮ ಮೇಷ್ಟ್ರು ಗ್ರೂಪಿಗೆ ಕೈಯಾರೆ ಲಿಂಕ್ ಹಾಕುತ್ತಾರೆ, ರಾತ್ರಿ ಊಟ ಆದ ಮೇಲೆ, ಕನ್ನಡಕ ಹಾಕಿಕೊಂಡು, ಚಿತ್ರ ಯಾವುದು ಅಂತ ಎರಡು ಸಲ ನೋಡಿ.