ಹಳೇ ಕಾರ್ನಿಂಗ್‌ವೇರ್ ಕೊಳ್ಳುವ ಮೊದಲು ತಳ ನೋಡಿ

ಕಾರ್ನಿಂಗ್‌ವೇರ್ ಅಂದರೆ ಅಮೆರಿಕದ ಬ್ರ್ಯಾಂಡಿನ ಅಡುಗೆ ಪಾತ್ರೆ. ಮಂಗಳೂರಲ್ಲಿ ಹಳೇದನ್ನು ಹುಡುಕಲು ಜಾಸ್ತಿ ಅಲೆಯಬೇಕಾಗಿಲ್ಲ. ಗಲ್ಫ್‌ನಲ್ಲಿ ದುಡಿದು ಬಂದವರ ಶೋಕೇಸ್ ನೋಡಿ, ನೀಲಿ ಹೂವಿನ ಬಿಳಿ ಪಾತ್ರೆ ಒಂದಾದರೂ ಇರುತ್ತದೆ. ಬೆಂದೂರು, ಬಿಜೈ ಕಡೆ ಹಳೇ ಮನೆ ಕೆಡವಿ ಫ್ಲ್ಯಾಟ್ ಕಟ್ಟುವಾಗ ಇವೆಲ್ಲ ಹೊರಗೆ ಬರುತ್ತವೆ. ಗುಜರಿಗೆ ಹೋಗುವ ಮೊದಲೇ ಮನೆಯವರನ್ನು ಕೇಳಿಬಿಡಿ. ಉಡುಪಿ ಕಡೆಯ ಶಿರ್ವ, ಕಲ್ಯಾಣಪುರದಲ್ಲೂ ನನಗೆ ಒಳ್ಳೊಳ್ಳೆಯವು ಸಿಕ್ಕಿವೆ.

ಪಾತ್ರೆ ಕೈಗೆ ಬಂದ ಕೂಡಲೇ ಕವುಚಿ ಹಾಕಿ. ಹೂವು ಆಮೇಲೆ ನೋಡಿದರಾಯ್ತು. ತಳ ನುಣ್ಣಗಿದ್ದು ಪಿ-1-ಬಿ, ಎ-2-ಬಿ ಥರದ ಗುರುತಿದ್ದರೆ ಅದು ಪೈರೋಸೆರಾಮ್, ಅಂದರೆ ಗಾಜನ್ನೇ ಕಾಯಿಸಿ ಪಿಂಗಾಣಿಯ ಹಾಗೆ ಮಾಡಿದ ಅಸಲಿ ಮಾಲು. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ ಒಂದು ಗಾಜಿನ ತುಂಡನ್ನು 600 ಡಿಗ್ರಿಗೆ ಕಾಯಿಸಲು ಇಟ್ಟಿದ್ದರು. ಕುಲುಮೆ ಕೆಟ್ಟು 900ಕ್ಕೆ ಏರಿತು. ಹೊರಗೆ ತೆಗೆಯುವಾಗ ಆ ತುಂಡು ಕೈಜಾರಿ ಬಿದ್ದರೂ ಒಡೆಯಲಿಲ್ಲ! ಅದರಿಂದ ಹುಟ್ಟಿದ ಪಾತ್ರೆ 1958ರಲ್ಲಿ ಅಂಗಡಿಗೆ ಬಂತು. ಬಿಸಿಗೆ ಹಿಗ್ಗುವುದು ತೀರಾ ಕಮ್ಮಿ, ಹಾಗಾಗಿ ಗ್ಯಾಸಿನ ಉರಿಗೂ ಓವನ್‌ಗೂ ಸೈ. 1990ರ ದಶಕದ ಕೊನೆಯ ನಂತರ ಅದೇ ಹೆಸರಲ್ಲಿ ಬಂದ ಹೆಚ್ಚಿನವು ಜೇಡಿಮಣ್ಣಿನವು. ಅವುಗಳ ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಬಳೆಯ ಹಾಗೆ ಕೈಗೆ ಸಿಗುತ್ತದೆ. ಅವನ್ನು ಉರಿ ಮೇಲೆ ಇಡಲೇಬೇಡಿ, ಸೀಳಿಹೋಗುತ್ತವೆ.

ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಹಿಡಿಯ ಬುಡ ಮತ್ತು ಮೂಲೆಗಳನ್ನು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಒಡೆದರೆ ಚೂರುಗಳು ಬಹಳ ಹರಿತ.

ಮುಚ್ಚಳ ಬೇರೆ ಜಾತಿ, ಅದು ಪೈರೆಕ್ಸ್ ಗಾಜು. ಅದಕ್ಕೆ ನೇರ ಉರಿ ತಾಗಬಾರದು, ಬಿಸಿ ಇರುವಾಗ ತಣ್ಣೀರು ಬೀಳಬಾರದು. ಅದರ ಗುರುತು ಸಿ ಅಕ್ಷರದಲ್ಲಿ ಮುಗಿಯುತ್ತದೆ. ಮುಚ್ಚಳ ಇಲ್ಲದ ಪಾತ್ರೆಗೆ ಅರ್ಧ ಬೆಲೆ ಕೊಟ್ಟರೂ ಜಾಸ್ತಿಯೇ, ಜೋಡಿ ಸಿಗುವುದು ಅಷ್ಟು ಕಷ್ಟ.

ಒಳಗೆ ಬೂದು ಗೆರೆಗಳಿದ್ದರೆ ಹೆದರಬೇಡಿ. ಅವು ಸ್ಟೀಲ್ ಚಮಚದ ಗುರುತು. ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ, ಹತ್ತಿ ಬಟ್ಟೆಯಿಂದ ನಿಧಾನ ಉಜ್ಜಿದರೆ ಹೋಗುತ್ತವೆ. ಸ್ಟೀಲ್ ಜುಂಗು ಮುಟ್ಟಿಸಬೇಡಿ.

ನೀಲಿ ಹೂವಿನದು ಸುಮಾರು 30 ವರ್ಷ ತಯಾರಾಗಿದೆ, ಅಪರೂಪದ್ದಲ್ಲ. ಆನ್‌ಲೈನಲ್ಲಿ ಹಾಕಿರುವ ಲಕ್ಷದ ಬೆಲೆ ನಂಬಬೇಡಿ.

ತಂದ ಮೇಲೆ ಅಡುಗೆ ಮಾಡಿ, ದಯವಿಟ್ಟು ಮತ್ತೆ ಶೋಕೇಸಿಗೆ ಸೇರಿಸಬೇಡಿ. ಬಂಗುಡೆ ಪುಳಿಮುಂಚಿ ಇದರಲ್ಲೇ ಮಾಡುತ್ತೇನೆ. ಅಲ್ಯೂಮಿನಿಯಂ ಹಾಗೆ ಹುಣಸೆ ಹುಳಿಗೆ ಇದು ಜಗ್ಗುವುದಿಲ್ಲ, ಮೀನಿನ ವಾಸನೆಯೂ ಹಿಡಿಯುವುದಿಲ್ಲ. ಸಣ್ಣ ಉರಿ ಸಾಕು. ಇಂಡಕ್ಷನ್ ಒಲೆಯಲ್ಲಿ ಮಾತ್ರ ಕಾಯುವುದಿಲ್ಲ.