ಬೆಟ್ಟದ ನಾಡಿನಲ್ಲಿ ಮೊದಲ ಚಳಿಗಾಲದ ರಜೆ: ಹೊಸಬರಿಗೆ ಮಾರ್ಗದರ್ಶಿ

ಚಳಿಗಾಲದ ರಜೆ ಹತ್ತಿರವಾಗುತ್ತಿದ್ದಂತೆ ಹೊಸದಾಗಿ ಬಂದ ಕುಟುಂಬಗಳು ನಮ್ಮ ಸಂಘದವರನ್ನು ಕೇಳುವುದು ಒಂದೇ ಪ್ರಶ್ನೆ: ಸ್ಕೀಯಿಂಗ್‌ಗೆ ಎಲ್ಲಿಗೆ ಹೋಗಬೇಕು? ದಯವಿಟ್ಟು ಮೊದಲ ವಾರವೇ ಸ್ಕೀ ಕಟ್ಟಿಕೊಳ್ಳಬೇಡಿ. ಒಂದು ಸಣ್ಣ ದಿಬ್ಬ, ಒಂದು ಸ್ಲೆಡ್ (ಹಿಮದ ಮೇಲೆ ಜಾರುವ ಬಂಡಿ), ಒಂದು ಗಂಟೆ ಸಾಕು. ಮಕ್ಕಳು ಹಿಮವನ್ನು ಉಂಡೆ ಕಟ್ಟಿ ಎಸೆಯಲಿ, ಬೀಳಲಿ, ಹೊರಳಾಡಲಿ. ಆಟ ಇನ್ನೂ ಬೇಕು ಎನಿಸುತ್ತಿರುವಾಗಲೇ ಮನೆಗೆ ಕರೆತನ್ನಿ. ಮರುದಿನ ಅವರೇ ನಿಮ್ಮನ್ನು ಹೊರಡಿಸುತ್ತಾರೆ.

ಚಳಿಗಿಂತ ಹೆಚ್ಚಾಗಿ ಒದ್ದೆಗೆ ಹೆದರಬೇಕು. ಮೈಗೆ ಹತ್ತಿ ಬನಿಯನ್, ಕಾಲಿಗೆ ಹತ್ತಿ ಕಾಲುಚೀಲ, ಮೇಲೆ ದಪ್ಪ ಜಾಕೆಟ್ ಹಾಕಿಸಿ ಕರೆದೊಯ್ಯುವವರು ಬಹಳ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಓಟ ನಿಂತ ಕೂಡಲೇ ಅದೇ ಒದ್ದೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಮೈಗೆ ತಾಗುವ ಪದರ ಉಣ್ಣೆಯದೋ ಸಿಂಥೆಟಿಕ್‌ನದೋ ಇರಲಿ, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಬಟ್ಟೆ, ಹೊರಗೆ ಗಾಳಿ–ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಶೂ ಬಿಗಿಯಾಗಿರಬಾರದು, ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಚಿಕ್ಕ ಮಕ್ಕಳಿಗೆ ಬೆರಳುಗಳೆಲ್ಲ ಒಂದೇ ಚೀಲದಲ್ಲಿ ಸೇರುವ ಕೈಗವಸು ಒಳ್ಳೆಯದು, ಬೆರಳಿಗೆ ಬೆರಳೇ ಕಾವು ಕೊಡುತ್ತದೆ. ಇನ್ನೊಂದು ಜೊತೆ ಒಣ ಕೈಗವಸು ಚೀಲದಲ್ಲಿರಲೇಬೇಕು.

ಯಾಕೆಂದರೆ ತೊಂದರೆ ಶುರುವಾಗುವುದು ಮಣಿಕಟ್ಟಿನಲ್ಲಿ. ತೋಳಿಗೂ ಕೈಗವಸಿಗೂ ನಡುವೆ ಹಿಮ ನುಗ್ಗುತ್ತದೆ, ಕರಗುತ್ತದೆ, ಒಳಗೆಲ್ಲ ಒದ್ದೆಯಾಗುತ್ತದೆ. ಮಗು ಮೊದಲು ‘ಕೈ ನೋಯುತ್ತಿದೆ’ ಎಂದು ಅಳುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಆ ಮೌನವನ್ನು ಸಮಾಧಾನವೆಂದು ತಿಳಿಯಬೇಡಿ. ಕೈಗವಸು ಬಿಚ್ಚಿ ನೋಡಿ: ಬೆರಳ ತುದಿ ಮೇಣದಂತೆ ಬಿಳಿಚಿ, ಮುಟ್ಟಿದರೂ ತಿಳಿಯದಂತಿದ್ದರೆ ಕೂಡಲೇ ಒಳಗೆ ಕರೆದೊಯ್ಯಿರಿ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ನಿಮ್ಮ ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲವೇ 37ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಬಣ್ಣ ಮರಳದಿದ್ದರೆ ಅಥವಾ ಗುಳ್ಳೆ ಎದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ.

ಸ್ಲೆಡ್‌ಗೆ ದಿಬ್ಬ ಆರಿಸುವಾಗ ಮೇಲೆ ನಿಂತು ಕೆಳಗೆ ನೋಡಿ. ತುದಿಯಲ್ಲಿ ಮರ, ರಸ್ತೆ, ಕೆರೆ ಇರಬಾರದು. ಬಂಡಿ ತಾನಾಗಿ ನಿಲ್ಲುವಷ್ಟು ಸಮತಟ್ಟು ನೆಲ ಬೇಕು. ಕೂತು, ಕಾಲು ಮುಂದೆ ಚಾಚಿಯೇ ಜಾರಬೇಕು, ತಲೆಗೆ ಹೆಲ್ಮೆಟ್ ಹಾಕಿ.

ಸ್ಕೀಯಿಂಗ್ ಕಲಿಯುವಾಗ ಒಂದೆರಡು ಪಾಠವನ್ನಾದರೂ ತರಬೇತುದಾರರಿಂದಲೇ ಹೇಳಿಸಿಕೊಳ್ಳಿ. ವೇಗಕ್ಕಿಂತ ಮೊದಲು ಕಲಿಯಬೇಕಾದದ್ದು ನಿಲ್ಲುವುದನ್ನು. ಮೇಲಿನಿಂದ ಬರುವವರೇ ಮುಂದಿರುವವರನ್ನು ತಪ್ಪಿಸಿ ಹೋಗಬೇಕು ಎಂಬುದು ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ನಿಯಮ. ಇಳಿಜಾರುಗಳ ಬಣ್ಣದ ಗುರುತು ಎಲ್ಲ ಕಡೆ ಒಂದೇ ಅಲ್ಲ: ಯುರೋಪಿನಲ್ಲಿ ನೀಲಿ ಎಂದರೆ ಸುಲಭ, ಉತ್ತರ ಅಮೆರಿಕದಲ್ಲಿ ನೀಲಿ ಚೌಕವೆಂದರೆ ಮಧ್ಯಮ. ಒಂದು ಕಡೆ ಕಲಿತು ಇನ್ನೊಂದು ಕಡೆಗೆ ಬಂದವರು ಇದನ್ನು ನೆನಪಿಡಬೇಕು.

ಊರಿನಿಂದ ಬಂದ ಅಜ್ಜ ಅಜ್ಜಿಯರನ್ನು ಕಿಟಕಿಯ ಬಳಿ ಕೂರಿಸಿ ಹೊರಡಬೇಡಿ. ಹಿಮ ಸಮಗೊಳಿಸಿದ ದಾರಿಯಲ್ಲಿ ಮೆಲ್ಲನೆಯ ನಡಿಗೆ ಅವರಿಗೂ ಆಗುತ್ತದೆ. ಎತ್ತರದ ಬಗ್ಗೆ ಮಾತ್ರ ಎಚ್ಚರ: 2,500 ಮೀಟರ್ ದಾಟಿದರೆ ತಲೆನೋವು, ವಾಕರಿಕೆ ಯಾರಿಗೂ ಬರಬಹುದು. ಬಂದರೆ ಮೇಲೇರುವುದನ್ನು ನಿಲ್ಲಿಸಿ. ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು. ಹೃದಯದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಲಿ. ಎಲ್ಲರಿಗೂ ತಂಪು ಕನ್ನಡಕ ಬೇಕು. ಹೊಸ ಹಿಮ ನೇರಳಾತೀತ ಕಿರಣದ ಶೇಕಡಾ 80ರಷ್ಟನ್ನು ಮೇಲಕ್ಕೆ ಎಸೆಯಬಲ್ಲದು. ಆದ್ದರಿಂದ ಸನ್‌ಸ್ಕ್ರೀನನ್ನು ಗದ್ದದ ಕೆಳಗೂ ಹಚ್ಚಿ.

ಗುರುತು ಹಾಕಿದ ದಾರಿ ಬಿಟ್ಟು ಯಾವ ಕಾರಣಕ್ಕೂ ಹೋಗಬೇಡಿ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ನೋಡಿದರೆ ಜಾರಬೇಕೆನಿಸುವ ಜಾಗದಲ್ಲೇ. ಅಪಾಯವನ್ನು 1ರಿಂದ 5ರವರೆಗಿನ ಅಂಕದಲ್ಲಿ ಪ್ರಕಟಿಸುತ್ತಾರೆ. 3 ಬಂದರೆ ನಡುವಿನದು, ಪರವಾಗಿಲ್ಲ ಎಂದುಕೊಳ್ಳಬೇಡಿ, ಅದು ಗಣನೀಯ ಅಪಾಯದ ಮಟ್ಟ. ಹೆಪ್ಪುಗಟ್ಟಿದ ಕೆರೆಯ ಮೇಲೂ ಸ್ಥಳೀಯ ಆಡಳಿತ ಅನುಮತಿ ಕೊಟ್ಟಿದ್ದರೆ ಮಾತ್ರ ಕಾಲಿಡಿ.

ಕಾರು ಹಿಮದಲ್ಲಿ ಸಿಕ್ಕಿಕೊಂಡರೆ, ಬೆಚ್ಚಗಿರಲೆಂದು ಎಂಜಿನ್ ಚಾಲೂ ಮಾಡುವ ಮೊದಲು ಹಿಂದಿನ ಹೊಗೆಕೊಳವೆಯ ಬಾಯಿಂದ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯೇ ಇಲ್ಲ.

ಬೆಳೆದ ಮಕ್ಕಳಿಗೆ ಚಿಕ್ಕದಾಗಿಹೋದ ಹಿಮದ ಬಟ್ಟೆಗಳನ್ನು ಸಂಘದಲ್ಲಿ ತೊಳೆದು ಇಟ್ಟಿರುತ್ತೇವೆ. ಕೊಳ್ಳುವ ಮೊದಲು ಬಂದು ನೋಡಿ, ಕೇಳಲು ಸಂಕೋಚ ಬೇಡ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಯಾರಿಗಾದರೂ ಹೇಳಿಯೇ ಹೊರಡಿ. ಹೇಳಲು ಇನ್ನೂ ಪರಿಚಯದವರಿಲ್ಲದಿದ್ದರೆ ನಮಗೆ ಹೇಳಿ. ‘ಮನೆ ಸೇರಿದೆವು’ ಎಂಬ ನಿಮ್ಮ ಸಂದೇಶ ಬರುವವರೆಗೆ ನಮ್ಮಲ್ಲಿ ಒಬ್ಬರು ಎಚ್ಚರವಾಗಿರುತ್ತಾರೆ.