ಅಂಗಳದ ತುಂಬ ಬಿಳಿ ಹೊಗೆ

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೇ ನಮ್ಮ ಹಳೇ ಡೀಸೆಲ್ ಜೀಪಿನ ರಗಳೆಯೂ ಶುರುವಾಯಿತು. ಶಿರಸಿಯಿಂದ ಒಳಗೆ, ತೋಟದ ತಲೆಯ ಮೇಲೆ ನಮ್ಮ ಮನೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟಾದರೂ ಇಬ್ಬನಿ ಬಿಡುವುದಿಲ್ಲ. ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗೇ ತಿರುಗುತ್ತಿತ್ತು, ಆದರೆ ಹತ್ತುತ್ತಿರಲಿಲ್ಲ. ನಾಲ್ಕೈದು ಸಲ ಹೊಡೆದ ಮೇಲೆ ಹತ್ತಿದರೂ ಮಿಸ್ ಹೊಡೆಯುತ್ತಾ ಇಡೀ ಗಾಡಿ ಗಡಗಡ ನಡುಗುತ್ತಿತ್ತು. ಅಂಗಳದ ತುಂಬ ಬಿಳಿ ಹೊಗೆ. ಐದು ನಿಮಿಷ ಬಿಟ್ಟರೆ ಸರಿಹೋಗಿ, ಸಂಜೆಯವರೆಗೆ ತಕರಾರೇ ಇಲ್ಲ.

"ಎಂತ ಭಾವಾ, ಇವತ್ತೂ ಆಯ್ದಿಲ್ಯಾ?" ಅಂತ ಪಕ್ಕದ ಮನೆಯವರು ಬೇಲಿಯಾಚೆಯಿಂದ ದಿನಾ ಕೇಳುವರು.

ಒಬ್ಬ ಮೆಕ್ಯಾನಿಕ್ ಕಂಪ್ರೆಷನ್ (ಎಂಜಿನ್ ಒಳಗೆ ಗಾಳಿ ಒತ್ತುವ ಬಲ) ಹೋಗಿದೆ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು ಅಂದ. ಇನ್ನೊಬ್ಬ ಡೀಸೆಲ್ ಪಂಪ್ ಬಿಚ್ಚೋಣ ಅಂದ. ಎರಡಕ್ಕೂ ಸಾವಿರಗಟ್ಟಲೆ ಖರ್ಚು. ಆ ನಡುವೆ ಒಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾದ ನೆಂಟರ ಮನೆಯಲ್ಲಿ ಉಳಿದಿದ್ದೆ. ಅಲ್ಲಿ ಬೆಳಿಗ್ಗೆ ಕೀಲಿ ತಿರುಗಿಸಿದ್ದೇ ತಡ, ಹತ್ತಿಬಿಟ್ಟಿತು! ಕರಾವಳಿಯಲ್ಲಿ ನಮ್ಮಷ್ಟು ಚಳಿ ಇಲ್ಲವಲ್ಲ, ಹಾಗಾಗಿ ತೊಂದರೆ ಚಳಿಯದ್ದೇ ಅಂದುಕೊಂಡೆ. ಅರ್ಧ ಸರಿ, ಅರ್ಧ ತಪ್ಪು.

ಬಿಳಿ ಹೊಗೆಯನ್ನು ಮೂಸಿ ನೋಡಿದೆ. ಹಸಿ ಡೀಸೆಲ್ ವಾಸನೆ. ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಅದು ಹತ್ತಬೇಕು. ನಮ್ಮದರ ಥರದ ಹಳೇ ಎಂಜಿನ್ನುಗಳಲ್ಲಿ ಡೀಸೆಲ್ ಮೊದಲು ಬೀಳುವುದು ಪಕ್ಕದ ಪುಟ್ಟ ಕೋಣೆಗೆ. ತಣ್ಣಗಿರುವಾಗ ಆ ಕೋಣೆಯ ಗೋಡೆಯೇ ಬಿಸಿಯನ್ನು ಕುಡಿದುಬಿಡುತ್ತದೆ. ಅದಕ್ಕೇ ಆ ಕೋಣೆಯನ್ನು ಕರೆಂಟಿನಿಂದ ಕಾಯಿಸಲು ಸಿಲಿಂಡರಿಗೊಂದು ಹೀಟರ್ ಪ್ಲಗ್ ಇರುವುದು.

ಮೊದಲು ಬ್ಯಾಟರಿ ನೋಡಿದೆ. ಸೆಲ್ಫ್ ಹೊಡೆಯುವಾಗ ಹತ್ತು ವೋಲ್ಟಿನ ಮೇಲೇ ನಿಂತಿತು. ಅಡ್ಡಿಲ್ಲೆ. ಮಾರನೇ ದಿನ ಎಂಜಿನ್ ನಡುಗುತ್ತಾ ಹತ್ತಿದ ಕೂಡಲೇ ಸೈಲೆನ್ಸರಿಗೆ ಹೋಗುವ ನಾಲ್ಕು ಕವಲಿನ ಮೇಲೂ ಬೆರಳಿಂದ ಒಂದೊಂದು ಹನಿ ನೀರು ಚಿಮುಕಿಸಿದೆ. ಒಂದನೆಯದು ಮತ್ತು ನಾಲ್ಕನೆಯದು ಚುಂಯ್ ಅಂದವು. ಎರಡು ಮತ್ತು ಮೂರರ ಮೇಲೆ ಹನಿ ಹಾಗೇ ಕೂತಿತ್ತು. ಆ ಎರಡು ಸಿಲಿಂಡರ್ ಉರಿಯುತ್ತಿರಲಿಲ್ಲ. (ಹನಿಯಷ್ಟೇ ಸಾಕು. ಬಿಸಿ ಎರಕದ ಕಬ್ಬಿಣಕ್ಕೆ ಚೊಂಬು ನೀರು ಸುರಿದರೆ ಸೀಳೀತು.)

ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ದೀಪ ಉರಿದರೆ ಪ್ಲಗ್ ಸರಿ ಇದೆ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ಆ ದೀಪಕ್ಕೆ ಪ್ಲಗ್ ಸತ್ತಿದ್ದು ಗೊತ್ತೇ ಆಗುವುದಿಲ್ಲ. ನಾಲ್ಕನ್ನೂ ಜೋಡಿಸುವ ಪಟ್ಟಿ ಬಿಚ್ಚಿದೆ. ಬ್ಯಾಟರಿಯ ಪ್ಲಸ್‌ನಿಂದ ಒಂದು 12 ವೋಲ್ಟ್ ಬಲ್ಬಿನ ಮೂಲಕ ವೈರ್ ತಂದು ಒಂದೊಂದರ ತಲೆಗೂ ಮುಟ್ಟಿಸಿದೆ. ಎರಡು ಮತ್ತು ಮೂರಕ್ಕೆ ಬಲ್ಬು ಉರಿಯಲೇ ಇಲ್ಲ. ಎಂಜಿನ್ ಬಿಸಿ ಇರುವಾಗ ನಿಧಾನಕ್ಕೆ ಬಿಚ್ಚಿ, ನಾಲ್ಕೂ ಹೊಸದು ಹಾಕಿದೆ. ಇಲ್ಲಿ ಅವಸರ ಮಾಡಿ ಪ್ಲಗ್ ಮುರಿದರೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸಬೇಕಾದೀತು.

ಮಾರನೇ ದಿನ ನಡುಕ ಹೋಗಿತ್ತು. ಆದರೆ ಹತ್ತಲು ಇನ್ನೂ ಹೊತ್ತು ಬೇಕಿತ್ತು. ಸಿಟ್ಟು ಬಂತು, ಸುಮ್ನೆ ದುಡ್ಡು ಹಾಕಿದೆನಾ ಅಂತ. ಜೊತೆಗೆ ಹೊಗೆಯೂ ವಿಚಿತ್ರ. ಸೆಲ್ಫ್ ಹೊಡೆಯುವಾಗ ಮೊದಲಿಗೆ ಸ್ವಲ್ಪವೂ ಇಲ್ಲ, ಆಮೇಲೆ ಒಮ್ಮೆಲೇ ಬರುತ್ತಿತ್ತು. ಅಂದರೆ ಮೊದಲಿಗೆ ಡೀಸೆಲ್ಲೇ ಬರುತ್ತಿಲ್ಲ.

ಆಗ ಕುಮಟಾ ನೆನಪಾಯಿತು. ಅವರ ಅಂಗಳ ಸಪಾಟು. ನಮ್ಮಲ್ಲಿ ಜೀಪು ನಿಲ್ಲುವುದು ಏರಿನಲ್ಲಿ, ಮೂತಿ ಮೇಲೆ, ಹಿಂದಿನ ಟ್ಯಾಂಕು ಕೆಳಗೆ. ಎಲ್ಲೋ ಒಂಚೂರು ಗಾಳಿ ಎಳೆದರೂ ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಒಂದು ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ಬೆಳಿಗ್ಗೆ ಒಂದೇ ಸಲಕ್ಕೆ ಹತ್ತಿತು.

ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಗೊತ್ತಲ್ಲ, ಅದರದ್ದೊಂದು ತುಂಡನ್ನು ಫಿಲ್ಟರ್ ಮತ್ತು ಪಂಪಿನ ನಡುವೆ ಸಿಕ್ಕಿಸಿ, ಜೀಪನ್ನು ಮತ್ತೆ ಏರಿನಲ್ಲೇ ನಿಲ್ಲಿಸಿದೆ. ರಾತ್ರಿ ಪೈಪಿನ ತುಂಬ ಡೀಸೆಲ್ ಇತ್ತು. ಬೆಳಿಗ್ಗೆ ಟಾರ್ಚ್ ಬಿಟ್ಟರೆ ಅರ್ಧ ಖಾಲಿ. ಟ್ಯಾಂಕಿನಿಂದ ಬರುವ ಕಬ್ಬಿಣದ ಪೈಪಿಗೆ ಗೇಣುದ್ದದ ರಬ್ಬರ್ ಪೈಪು ಸೇರುವಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಕೂದಲೆಳೆಯಂಥ ಬಿರುಕು ಸಿಕ್ಕಿತು. ಹೊರಗೆ ಒಂದು ಹನಿಯೂ ತೊಟ್ಟಿಕ್ಕಿರಲಿಲ್ಲ. ಪಂಪು ಡೀಸೆಲ್ ಎಳೆಯುವ ಬದಿಯಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ.

ಪೈಪು, ಎರಡು ಕ್ಲಿಪ್ಪು ಹೊಸದು ಹಾಕಿ, ಕೈ ಪಂಪು ಒತ್ತಿ ಏರ್ ತೆಗೆದೆ. ಈಗ ಏರಿನಲ್ಲೇ ನಿಲ್ಲಿಸುತ್ತೇನೆ. ಹೀಟರ್ ದೀಪ ಆರುವವರೆಗೆ ಕಾದು ಹೊಡೆದರೆ ಮೊದಲ ಸಲಕ್ಕೇ ಹತ್ತುತ್ತದೆ. ತೀರಾ ಚಳಿಯಿದ್ದ ದಿನ ಮೂರನೇ ಸಿಲಿಂಡರ್ ನಾಲ್ಕೈದು ಸೆಕೆಂಡ್ ತಡವರಿಸುತ್ತದೆ. ಅದರೊಳಗೆ ಡೀಸೆಲ್ ಚಿಮುಕಿಸುವ ನಾಝಲ್ ಮಳೆಗಾಲದೊಳಗೆ ಬಿಚ್ಚಿಸಬೇಕು. ಬೇಲಿಯಾಚೆಯ ಭಾವ ಈಗ ತಮ್ಮ ಟಿಲ್ಲರ್ ಬಗ್ಗೆ ಕೇಳಲು ಶುರು ಮಾಡಿದ್ದಾರೆ.